ಫೋನ್ ಇಡಿ, ನಾನೇ ಮಾಡ್ತೀನಿ

ಫೆಬ್ರವರಿ 11

ಅಮ್ಮಾ,

ಸುಖವಾಗಿ ತಲುಪಿ ಕೆಲಸಕ್ಕೂ ಸೇರಿದ್ದಾಯಿತು. ಇವಳು ಫೋನ್ ಮಾಡಲಿಲ್ಲವೆಂದು ನೀನು ಇಷ್ಟರಲ್ಲೇ ದೊಡ್ಡಮ್ಮನ ತಲೆ ತಿಂದಿರುತ್ತೀಯ, ನನಗೆ ಗೊತ್ತು. ಬಂದ ದಿನವೇ ಎಲ್ಲರ ಫೋನುಗಳನ್ನೂ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಗಮನವೆಲ್ಲ ಕೆಲಸದ ಮೇಲಿರಲಿ ಎಂದಂತೆ. ಮನೆಗೆ ಪತ್ರ ಬರೆಯಬಹುದು. ಬರೆದು ಮೇಲ್ವಿಚಾರಕರ ಮೇಜಿನ ಮೇಲಿಟ್ಟರೆ ಅವರೇ ಅಂಚೆಗೆ ಹಾಕಿಸುತ್ತಾರೆ. ಲಕೋಟೆ ಅಂಟಿಸುವ ಕೆಲಸವನ್ನೂ ಅವರೇ ಮಾಡುತ್ತಾರೆ, ಅಷ್ಟು ಒಳ್ಳೆಯವರು.

ಮಲಗುವುದು ಮೇಲಿನ ಅಂತಸ್ತಿನಲ್ಲಿ, ಕೆಲಸ ಅದರ ಕೆಳಗಿನ ಅಂತಸ್ತಿನಲ್ಲಿ. ಹೀಗಾಗಿ ಹೊರಗೆ ಹೋಗುವ ತೊಂದರೆಯೇ ಇಲ್ಲ. ಕೋಣೆಯಲ್ಲಿ ಒಂದರ ಮೇಲೊಂದು ಮಂಚ. ನನ್ನದು ಮೇಲಿನದು, ಎದ್ದು ಕುಳಿತರೆ ತಲೆಗೆ ಸೂರು ತಾಗುತ್ತದೆ. ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದಾರೆ, ಬಿಸಿಲು ಬೀಳಬಾರದೆಂದು.

ಕೆಲಸವೆಂದರೆ ಮಾತು, ಅಷ್ಟೇ. ಕಂಪ್ಯೂಟರಿನಲ್ಲಿ ತೊಂದರೆ ಇರುವವರಿಗೆ ಫೋನ್ ಮಾಡಿ ಸಹಾಯ ಮಾಡಬೇಕು. ನನ್ನ ದನಿ ಕೇಳಿದರೆ ನಂಬಿಕೆ ಬರುತ್ತದಂತೆ. ಯಾರಿಂದ ಕಲಿತೆ ಎಂದು ಮೇಲ್ವಿಚಾರಕರು ಕೇಳಿದರು. "ನಮ್ಮಮ್ಮ ಆಸ್ಪತ್ರೆಯ ಟೆಲಿಫೋನ್ ಆಪರೇಟರ್ ಸಾರ್. ಅವಳು ‘ಗಾಬರಿ ಆಗ್ಬೇಡಿ, ನಾನಿದ್ದೀನಿ’ ಅಂದ್ರೆ ಅಳ್ತಾ ಇರೋರೂ ಸುಮ್ಮನಾಗ್ತಾರೆ" ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಈಗ ನಮ್ಮ ಸಾಲಿನವರೆಲ್ಲ ಅದೇ ಮಾತು ಹೇಳುತ್ತಾರೆ.

ಆಸ್ಪತ್ರೆಯ ಸುದ್ದಿಯನ್ನೆಲ್ಲ ಬರೆ. ಒಂದನ್ನೂ ಬಿಡಬೇಡ.

ನಿನ್ನ ಮಗಳು


ಫೆಬ್ರವರಿ 25

ಪುಟ್ಟಿ,

ಪತ್ರ ಬಂದ ಮೇಲೆ ಜೀವ ಬಂತು. ಫೋನ್ ಕಿತ್ತಿಟ್ಟುಕೊಂಡು ಫೋನಿನ ಕೆಲಸ ಮಾಡಿಸುವ ಕಂಪನಿಯನ್ನು ನಾನು ಈ ವಯಸ್ಸಿನವರೆಗೆ ಕಂಡಿರಲಿಲ್ಲ. ಬಿಸಿಲು ಬೀಳಬಾರದೆಂದರೆ ಪರದೆ ಹಾಕಲಿ, ಬಣ್ಣ ಏಕೆ ಬಳಿಯಬೇಕು? ಹೋಗಲಿ, ನಿನಗೆ ಒಗ್ಗಿದರೆ ಸಾಕು. ಅಂಚೆಪೆಟ್ಟಿಗೆ ಸಂಖ್ಯೆ ಬಿಟ್ಟರೆ ಬೇರೆ ವಿಳಾಸವೇ ಇಲ್ಲವಲ್ಲ, ಮುಂದಿನ ಸಲ ರಸ್ತೆಯ ಹೆಸರನ್ನಾದರೂ ಬರೆ.

ಇಲ್ಲಿನ ಸುದ್ದಿ ಕೇಳು. ಆಸ್ಪತ್ರೆಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಯಾವ ರೋಗಿ ಯಾವ ಹಾಸಿಗೆಯಲ್ಲಿದ್ದಾನೆ, ಯಾರಿಗೆ ಯಾವ ಗುಂಪಿನ ರಕ್ತ, ಯಾವ ಡಾಕ್ಟರು ಎಷ್ಟು ಹೊತ್ತಿಗೆ ಎಲ್ಲಿ, ಎಲ್ಲವೂ ಅದರೊಳಗೆ. ನನಗೂ ಒಂದು ಪಾಸ್‌ವರ್ಡ್ ಕೊಟ್ಟಿದ್ದಾರೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಕನ್ನಡಕ ಸಾರ್. ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮೇಜಿನ ಕೆಳಗೆ ಹುಡುಕುವ ಆಸಾಮಿ. ಒಳ್ಳೆಯ ಮನುಷ್ಯ. ನನ್ನ ಮಂಡಿನೋವು ನೋಡಿ, ಮೆಟ್ಟಿಲು ಹತ್ತಿ ಬರಬೇಡಿ, ಏನಿದ್ದರೂ ಫೋನಿನಲ್ಲೇ ಹೇಳಿ ಎಂದಿದ್ದಾರೆ.

ಮೊನ್ನೆ ಹೊಸದಾಗಿ ಬಂದ ದೊಡ್ಡ ಡಾಕ್ಟರು ಫೋನ್ ಮಾಡಿ ಒಬ್ಬ ನರ್ಸಿನ ಮನೆಯ ನಂಬರ್ ಕೇಳಿದರು. "ಫೋನ್ ಇಡಿ ಸಾರ್, ನಾನೇ ಮಾಡ್ತೀನಿ" ಎಂದೆ. "ನಾನ್ಯಾರು ಗೊತ್ತೇನ್ರೀ?" ಎಂದರು. "ಅದನ್ನ ತಿಳ್ಕೊಳ್ಳೋಕೇ ಸಾರ್" ಎಂದೆ. ಪುಸ್ತಕದಲ್ಲಿದ್ದ ಅವರ ನಂಬರಿಗೆ ನಾನೇ ಮಾಡಿ, ಅವರೇ ಎತ್ತಿದ ಮೇಲೆ ಕೊಟ್ಟೆ. ದುಸುಮುಸು ಎಂದುಕೊಂಡೇ ಬರೆದುಕೊಂಡರು. ನೀನು ಶಾಲೆಯಿಂದ ಫೋನ್ ಮಾಡಿದಾಗಲೂ ಇಡಿಸಿ ನಾನೇ ಮಾಡುತ್ತಿದ್ದೆನಲ್ಲ, ನೀನು ಕಾಲು ಅಪ್ಪಳಿಸುತ್ತಿದ್ದುದು ಇಲ್ಲಿಗೆ ಕೇಳಿಸುತ್ತಿತ್ತು. ಇಲ್ಲಿ ಎಲ್ಲರೂ ನನ್ನನ್ನು ಈಗಲೂ ವಾಪಸ್ಸಮ್ಮ ಎಂದೇ ಕರೆಯುವುದು.

ಹೊಟ್ಟೆ ತುಂಬ ಊಟ ಮಾಡು.

ಅಮ್ಮ


ಮಾರ್ಚ್ 20

ಪ್ರೀತಿಯ ಅಮ್ಮನಿಗೆ ನಿನ್ನ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ನಿನ್ನ ಪತ್ರ ಓದಿ ಬಹಳ ಸಂತೋಷವಾಯಿತು. ನಿನ್ನ ಕೆಲಸದ ಬಗ್ಗೆ ಇನ್ನೂ ತಿಳಿದುಕೊಳ್ಳಬೇಕೆಂದು ಆಸೆ. ಕನ್ನಡಕ ಸಾರ್ ಅವರ ಕೈಕೆಳಗೆ ಎಷ್ಟು ಜನ ಇದ್ದಾರೆ? ಅವರು ಇಲ್ಲದಾಗ ನೀವು ಯಾರನ್ನು ಕೇಳುತ್ತೀರಿ? ಪಾಸ್‌ವರ್ಡ್ ಮರೆತುಹೋದರೆ ಏನು ಮಾಡುತ್ತೀರಿ? ಅದರ ಜೊತೆಗೆ ಮೊಬೈಲಿಗೂ ಒಂದು ಸಂಖ್ಯೆ ಬರುತ್ತದೆಯೇ? ಅವರು ಫೋನ್ ಮಾಡಿದಾಗಲೂ ನೀನು ಇಡಿಸಿ ವಾಪಸ್ ಮಾಡುತ್ತೀಯಾ, ಮಾಡಿದರೆ ಯಾವ ನಂಬರಿಗೆ? ಸುಮ್ಮನೆ ಕುತೂಹಲ.

ರಸ್ತೆಯ ಹೆಸರು ಬೇಕಾಗಿಲ್ಲ. ಅಂಚೆಪೆಟ್ಟಿಗೆಗೆ ಬರೆದರೆ ತಪ್ಪದೆ ತಲುಪುತ್ತದೆ.

ಅಪ್ಪನ ಕೆಮ್ಮು ಹೇಗಿದೆ? ಧೂಳುಗಾಳಿಯಲ್ಲಿ ಅಂಗಡಿಯ ಬಾಗಿಲು ತೆರೆದಿಟ್ಟುಕೊಂಡು ಕೂರಬೇಡಿ ಎಂದು ಹೇಳು. ನಾನು ಹೇಳಿದೆನೆಂದರೆ ಕೇಳುತ್ತಾರೆ.

ಇಂತಿ ನಿನ್ನ ವಿಧೇಯ ಮಗಳು


ಮಾರ್ಚ್ 28

ಅಕ್ಕ,

ಇದರ ಜೊತೆ ಪುಟ್ಟಿಯ ಎರಡು ಪತ್ರಗಳಿವೆ. ಮೊದಲು ಅವನ್ನು ಓದು, ಆಮೇಲೆ ಇದನ್ನು.

ಓದಿದೆಯಾ? ಅವಳಪ್ಪ ಹೋಗಿ ಒಂಬತ್ತು ವರ್ಷವಾಯಿತು. ಬೀಗ ರಿಪೇರಿ ಅಂಗಡಿಯ ಬಾಗಿಲು ಅವತ್ತು ಹಾಕಿದ್ದು ಇನ್ನೂ ತೆಗೆದಿಲ್ಲ. ಕೊನೆಯ ರಾತ್ರಿಯೆಲ್ಲ ಅವರ ಬೆನ್ನು ನೀವುತ್ತ ಕುಳಿತಿದ್ದವಳು ಇವಳೇ. ಈಗ ಕೆಮ್ಮು ಹೇಗಿದೆ ಎಂದು ಕೇಳುತ್ತಿದ್ದಾಳೆ. ಮೊದಲು ಹುಡುಗಿಯ ತಲೆ ಕೆಟ್ಟಿದೆ ಎಂದುಕೊಂಡೆ. ಅಡುಗೆಮನೆಯಲ್ಲಿ ನಿಂತು ಎರಡನೆಯ ಸಲ ಓದಿದಾಗ ಅರ್ಥವಾಯಿತು. ಅಪ್ಪನಿಲ್ಲ ಎನ್ನುವುದು ತಿಳಿಯದ ಯಾರೋ ಇದನ್ನು ಓದುತ್ತಾರೆ, ಅದಕ್ಕೇ ಹೀಗೆ ಬರೆದಿದ್ದಾಳೆ. ಈ ಪತ್ರ ನನ್ನದಲ್ಲ ಅಮ್ಮ ಎಂದು ಹೇಳಲು ಅವಳಿಗೆ ಬೇರೆ ದಾರಿ ಇರಲಿಲ್ಲ. ಹುಟ್ಟಿದಾಗಿನಿಂದ ನನಗೆ ಒಂದು ಸಲವೂ ವಿಧೇಯಳಾಗಿರದ ಹುಡುಗಿ ಅದು.

ಪೊಲೀಸ್ ಠಾಣೆಗೆ ಹೋಗಿದ್ದೆ. ಅಲ್ಲಿನವನು ಪತ್ರ ಓದಿ, "ಕ್ಷೇಮವಾಗಿದ್ದೀನಿ ಅಂತ ಅವಳೇ ಬರೆದಿದ್ದಾಳಲ್ಲಮ್ಮ, ಏನಂತ ದೂರು ಬರ್ಕೊಳ್ಳಲಿ?" ಎಂದ. ತಂದೆ ಇಲ್ಲದ ವಿಷಯ ಹೇಳಿದೆ. ವಯಸ್ಸಿನ ಹುಡುಗಿಯರು ಏನೇನೋ ಬರೆಯುತ್ತಾರೆ ಎಂದ. ಅವಳು ಬರೆದದ್ದೇ ಅವಳ ಬಾಯಿಗೆ ಬಟ್ಟೆ ತುರುಕಿದೆ ಅಕ್ಕ.

ಆಮೇಲೆ ಮಂಡಿನೋವನ್ನು ಮರೆತು ಮೆಟ್ಟಿಲು ಹತ್ತಿ ಕನ್ನಡಕ ಸಾರ್ ಹತ್ತಿರ ಹೋದೆ. ಅವರು ಪ್ರಶ್ನೆಗಳನ್ನು ಓದಿ ಎದ್ದು ಬಾಗಿಲು ಮುಚ್ಚಿದರು. "ಇದು ಮಗಳು ಕೇಳೋ ಪ್ರಶ್ನೆ ಅಲ್ಲಮ್ಮ, ಕಳ್ಳ ಕೇಳೋ ಪ್ರಶ್ನೆ. ಕಂಪ್ಯೂಟರ್ ಒಡೆಯೋಕೆ ಇವರಿಗೆ ಕಂಪ್ಯೂಟರ್ ಬೇಕಾಗಿಲ್ಲ, ಒಳಗಿರೋ ಒಬ್ಬರ ನಂಬಿಕೆ ಸಾಕು. ಒಳಗೆ ಬಂದು ಎಲ್ಲಕ್ಕೂ ಬೀಗ ಜಡಿದು, ದುಡ್ಡು ಕೊಟ್ರೆ ತೆಗೀತೀವಿ ಅಂತಾರೆ" ಎಂದರು. ರಕ್ತದ ಗುಂಪು ಗೊತ್ತಾಗದೆ ಆಪರೇಷನ್ ಕೋಣೆಯ ಮುಂದೆ ನಿಂತುಬಿಡುವವರ ಮುಖಗಳೇ ಕಣ್ಣ ಮುಂದೆ ಬಂದವು.

ಫೋನಿನಲ್ಲಿ ದೊಡ್ಡ ಡಾಕ್ಟರಿಗೇ ಬಾಯಿ ಬಿಡದವಳು ನಾನು. ಮಗಳೆಂದು ಕಾಗದದಲ್ಲಿ ಎಲ್ಲವನ್ನೂ ಸುರಿದಿದ್ದೇನೆ. ಕಾಗದವನ್ನು ಇಡಿಸಿ ವಾಪಸ್ ಮಾಡಲು ಬರುವುದಿಲ್ಲವಲ್ಲ. ಏನು ಮಾಡಲಿ ಹೇಳು. ಉತ್ತರ ಬರೆದರೆ ಕಳ್ಳರಿಗೆ ಬರೆದ ಹಾಗೆ, ಬರೆಯದಿದ್ದರೆ ಅವಳಿಗೆ ಏನು ಮಾಡುತ್ತಾರೋ.

ನಿನ್ನ ತಂಗಿ


ಏಪ್ರಿಲ್ 2

ತಂಗೀ,

ಅಳುವುದನ್ನು ನಿಲ್ಲಿಸಿ ಓದು. ಇಡೀ ಆಯುಷ್ಯ ಶಾಲೆಯಲ್ಲಿ ಮಕ್ಕಳ ಸುಳ್ಳು ಕೇಳಿಯೇ ತಲೆ ನರೆತವಳು ನಾನು. ಸುಳ್ಳು ಹೇಳುವವನಿಗೆ ಒಂದೇ ಭಯ, ಎದುರಿಗಿರುವವನಿಗೆ ಗೊತ್ತಾಯಿತೋ ಎಂದು. ಆ ಭಯ ಅವರಿಗೆ ಬರಬಾರದು. ನೀನು ಹಿಂದಿನ ಹಾಗೆಯೇ ಹರಟೆ ಕೊಚ್ಚಬೇಕು.

ಮೊದಲು ನಿನ್ನ ಗಂಡನನ್ನು ಬದುಕಿಸು. ಕೆಮ್ಮು ಹಾಗೇ ಇದೆ, ಮಾತು ಕೇಳುವುದಿಲ್ಲ ಎಂದು ಬೈದು ಬರೆ. ಅಷ್ಟನ್ನು ಓದಿದರೆ ಹುಡುಗಿಗೆ ಗೊತ್ತಾಗುತ್ತದೆ ಅಮ್ಮನಿಗೆ ಅರ್ಥವಾಯಿತೆಂದು. ಪಾಪ, ಬದುಕಿದ್ದಾಗ ಎಷ್ಟು ಬೀಗ ತೆಗೆದುಕೊಟ್ಟ ಮನುಷ್ಯ, ಇದೊಂದಕ್ಕೂ ಬರಲಿ.

ಎರಡನೆಯದು, ಅವರು ಎಲ್ಲಿದ್ದಾರೆಂದು ತಿಳಿಯಬೇಕಾದರೆ ಅವರೇ ಹೇಳಬೇಕು. ಕೇಳುವುದು ನಿನಗೆ ಗೊತ್ತಿರುವ ಕೆಲಸ. ಯಾವ ನಂಬರಿಗೆ ವಾಪಸ್ ಮಾಡುತ್ತೀಯ ಎಂದು ಕೇಳಿದ್ದಾರಲ್ಲ, ಅಲ್ಲೇ ಗಾಳ ಹಾಕು. ನಿನ್ನ ಕನ್ನಡಕದವರನ್ನು ಕರೆದುಕೊಂಡು ಠಾಣೆಯ ಆ ಮಹಾಶಯನನ್ನು ಬಿಟ್ಟು ಅವನ ಮೇಲಿನವರ ಹತ್ತಿರ ಹೋಗು.

ನಾನು ಶನಿವಾರ ಬರುತ್ತೇನೆ. ಹಾಸಿಗೆ ಹಾಸಿಡು.

ಅಕ್ಕ


ಏಪ್ರಿಲ್ 10

ಪುಟ್ಟಿ,

ನಿನ್ನ ಪತ್ರ ಬಂದು ಬಹಳ ದಿನವಾಯಿತು, ಕೆಲಸದ ನಡುವೆ ಬರೆಯಲು ಪುರುಸೊತ್ತಾಗಲಿಲ್ಲ. ಮೊದಲು ನಿಮ್ಮಪ್ಪನ ವಿಷಯ. ಕೆಮ್ಮು ಹಾಗೇ ಇದೆ. ನೀನು ಹೇಳಿದ್ದನ್ನು ಹೇಳಿದೆ. "ಅವಳಿಗೆ ಹೇಳು, ಅವಳು ಹೇಳಿದ್ದು ನನಗೆ ಪೂರ್ತಿ ಕೇಳಿಸಿದೆ ಅಂತ" ಎಂದರು. ಈ ವಯಸ್ಸಿನಲ್ಲೂ ಹಟ. ನಾಳೆಯಿಂದ ಬಾಗಿಲು ಮುಚ್ಚಿಕೊಂಡು ಕೂರುತ್ತಾರಂತೆ, ನೋಡೋಣ.

ಕನ್ನಡಕ ಸಾರ್‌ಗೆ ಮೇ ತಿಂಗಳಲ್ಲಿ ಕಣ್ಣಿನ ಆಪರೇಷನ್ ಇದೆ, ರಜೆ ಹಾಕುತ್ತಾರೆ. ಅವರ ಕೆಳಗೆ ಈಗ ಮೂರೋ ನಾಲ್ಕೋ ಜನ, ಎಲ್ಲ ಹೊಸಬರು, ನನಗೆ ಯಾರ ದನಿಯೂ ಗುರುತಿಲ್ಲ. ಆ ವಿಭಾಗ ಬೇರೆ ಕಟ್ಟಡಕ್ಕೆ ಹೋದಮೇಲೆ ಅವರ ನಂಬರುಗಳೆಲ್ಲ ಬದಲಾಗಿವೆ. ನನ್ನ ಪುಸ್ತಕದಲ್ಲಿ ಇನ್ನೂ ಹಳೆಯವೇ. ಹಾಗಾಗಿ ಅವರು ಫೋನ್ ಮಾಡಿ ತಮ್ಮ ನಂಬರ್ ಕೊಡುತ್ತಾರೆ, ನಾನು ಆ ನಂಬರಿಗೆ ವಾಪಸ್ ಮಾಡುತ್ತೇನೆ, ಅಲ್ಲಿ ಯಾರಾದರೂ ಎತ್ತಿದರೆ ಕೇಳಿದ್ದನ್ನು ಹೇಳುತ್ತೇನೆ. ನಂಬರ್ ಕೊಡದಿದ್ದರೆ ಮಾತ್ರ ಯಾರಿಗೂ ಬಾಯಿ ಬಿಡುವುದಿಲ್ಲ. ನನ್ನ ಚಾಳಿ ನಿನಗೆ ಗೊತ್ತೇ ಇದೆ. ಮೊಬೈಲಿಗೂ ಒಂದು ಸಂಖ್ಯೆ ಬರುತ್ತದೆ, ಅದನ್ನೂ ಹೇಳಬೇಕಂತೆ. ನನಗೆ ಆ ಅಕ್ಷರ ಈ ಅಂಕಿ ಎಂದು ಹೇಳುವಷ್ಟರಲ್ಲಿ ಸಾಕಾಗುತ್ತದೆ, ಒಂದು ಸಲಕ್ಕೆ ಸರಿಯಾಗಿ ಹೇಳಿದ್ದೇ ಇಲ್ಲ.

ದೊಡ್ಡಮ್ಮ ಬಂದಿದ್ದಾಳೆ. ನಾನು ಪಾತ್ರೆ ತೊಳೆಯುವುದು ಅವಳಿಗೆ ಸರಿಬರುವುದಿಲ್ಲ, ತೊಳೆದದ್ದನ್ನೇ ತೊಳೆಯುತ್ತಾಳೆ. ನಿನ್ನ ಮಂಚದ ಮೇಲೆ ಯಾರನ್ನೂ ಮಲಗಿಸಿಲ್ಲ.

ಅಮ್ಮ


ಏಪ್ರಿಲ್ 29

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಅಪ್ಪ ನನ್ನ ಮಾತು ಕೇಳಿದರು ಎಂದು ತಿಳಿದು ಬಹಳ ಸಮಾಧಾನವಾಯಿತು. ಮೇಲ್ವಿಚಾರಕರಿಗೆ ನಿನ್ನ ಪತ್ರಗಳೆಂದರೆ ಇಷ್ಟ. ಮುಂದಿನ ತಿಂಗಳು ಕೆಲಸ ಹೆಚ್ಚಿರುವುದರಿಂದ ಪತ್ರ ತಡವಾಗಬಹುದು. ಅಪ್ಪನನ್ನು ಒಬ್ಬರನ್ನೇ ಬಿಟ್ಟು ಎಲ್ಲೂ ಹೋಗಬೇಡ, ಫೋನಿನ ಹತ್ತಿರವೇ ಇರು.

ಇಂತಿ ನಿನ್ನ ವಿಧೇಯ ಮಗಳು


ಮೇ 16

ಅಕ್ಕ,

ನೀನು ಊರಿಗೆ ಹೋದ ಮರುದಿನವೇ ಅವರ ಫೋನು ಬಂತು. ಎರಡು ದಿನ ತಡೆದು ಹೋಗಿದ್ದರೆ ನನ್ನ ಪಕ್ಕದಲ್ಲಿರುತ್ತಿದ್ದೆ. ಯಾರನ್ನಾದರೂ ಬೈಯಬೇಕು ಅನ್ನಿಸಿದೆ, ನೀನೇ ಸಿಕ್ಕಿದ್ದೀಯ.

ಕನ್ನಡಕ ಸಾರ್ ಹೆಸರಿಗೆ ರಜೆಯಲ್ಲಿದ್ದರು, ಕುಳಿತದ್ದು ನನ್ನ ಕೋಣೆಯಲ್ಲೇ. ಠಾಣೆಯವನ ಮೇಲಿನವರು ಕಳಿಸಿದ ಪೊಲೀಸ್ ಅಧಿಕಾರಿ ಹೆಂಗಸೂ ಇದ್ದಳು, ಸೀರಿಯಸ್ ಮುಖದ ಸಣ್ಣ ಹುಡುಗಿ. ಫೋನ್ ಎತ್ತಿದೆ. ಗಂಡಸಿನ ದನಿ, ಬಹಳ ಮರ್ಯಾದೆಯ ದನಿ. "ವಾಪಸ್ಸಮ್ಮ ಅವರಾ? ಕಂಪ್ಯೂಟರ್ ವಿಭಾಗದಿಂದ ಮಾತಾಡ್ತಿದ್ದೀನಿ. ನಮ್ಮ ಕನ್ನಡಕ ಸಾರ್ ರಜೆಯಲ್ಲಿದ್ದಾರಲ್ಲ, ನಿಮ್ಮ ಮಂಡಿ ನೋವು ಅಂತ ಮೇಲೆ ಕರೀಬೇಡಿ ಅಂದಿದ್ರು" ಎಂದ. ನಾನು ಮಗಳಿಗೆಂದು ಬರೆದ ಒಂದೊಂದು ಮಾತೂ ಆ ಬಾಯಿಂದ ಬಂತು. ನನ್ನ ಮಂಡಿನೋವನ್ನು ಕೂಡ ಬಿಟ್ಟಿರಲಿಲ್ಲ. ಯಾರೋ ನನ್ನ ಮನೆಯೊಳಗೆ ನನ್ನದೇ ಬಟ್ಟೆ ಹಾಕಿಕೊಂಡು ಓಡಾಡಿದಂತಾಯಿತು. ಏನೂ ತಿಳಿಯದವಳಾಗಿದ್ದರೆ ನಾನು ಖಂಡಿತ ನಂಬುತ್ತಿದ್ದೆ, ಇದನ್ನು ನಿನಗೆ ಹೇಳಲೇಬೇಕು.

"ಫೋನ್ ಇಡಿ, ನಾನೇ ಮಾಡ್ತೀನಿ. ನಂಬರ್ ಕೊಡಿ" ಎಂದೆ. ಕೊಟ್ಟ. ಪೊಲೀಸ್ ಹುಡುಗಿ ಅದನ್ನು ಬರೆದುಕೊಂಡು ಯಾರಿಗೋ ಹೇಳಿದಳು. ಆ ಫೋನು ಯಾವ ಕಟ್ಟಡದಲ್ಲಿದೆ ಎಂದು ಹಿಡಿಯಲು ಸ್ವಲ್ಪ ಹೊತ್ತು ಬೇಕು, ಮಾತಾಡಿಸುತ್ತಾ ಇರಿ ಎಂದಳು.

ವಾಪಸ್ ಮಾಡಿದೆ. ಅತ್ತ ಎತ್ತಿದ್ದು ಪುಟ್ಟಿ.

"ಕಂಪ್ಯೂಟರ್ ವಿಭಾಗ, ಹೇಳಿ" ಎಂದಳು. ಅವನಿಗಿಂತ ಮೊದಲೇ ಎತ್ತಿಬಿಟ್ಟಿರಬೇಕು, ಕಿತ್ತುಕೊಂಡರೆ ನನಗೆ ಅನುಮಾನ ಬರುತ್ತದೆಂದು ಅವರೂ ಬಿಟ್ಟಿರಬೇಕು. ಅವಳ ಮುಂದೆ ಯಾರು ನಿಂತಿದ್ದರೋ. ದನಿಯ ಗುರುತು ಸಿಗದವಳಂತೆ ನಾನು, ಆಸ್ಪತ್ರೆ ಎಕ್ಸ್‌ಚೇಂಜಿನಿಂದ, ಪಾಸ್‌ವರ್ಡ್ ಕೇಳಿದ್ರಂತೆ, ನಂಗೆ ಇದೆಲ್ಲ ಗೊತ್ತಾಗಲ್ಲಮ್ಮ ಎಂದೆ. "ಗಾಬರಿ ಆಗ್ಬೇಡಿ ಅಮ್ಮಾ, ನಾನಿದ್ದೀನಿ. ನಿಧಾನವಾಗಿ ಹೇಳಿ" ಎಂದಳು. ಯಾವ ಹೆಂಗಸನ್ನಾದರೂ ಹಾಗೆ ಅಮ್ಮಾ ಎನ್ನಬಹುದಲ್ಲ, ಅವರಿಗೇನೂ ಅನುಮಾನ ಬಂದಿರಲಾರದು. ಎಷ್ಟು ತಿಂಗಳ ಮೇಲೆ ಅವಳ ಬಾಯಿಂದ ಆ ಮಾತು ಕೇಳಿದೆ, ಮಗಳೇ ಎನ್ನುವ ಹಾಗಿಲ್ಲ.

ಕನ್ನಡಕ ಸಾರ್ ನನ್ನ ಹೆಸರಿನಲ್ಲಿ ಬರಿದಾದ ಒಂದು ಖಾತೆ ಮಾಡಿಟ್ಟಿದ್ದರು. ಅದರ ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ತಪ್ಪುತಪ್ಪಾಗಿ ಹೇಳಿದೆ. ಅವಳೂ ಪ್ರತಿ ಸಲ "ಇನ್ನೊಮ್ಮೆ ಮೊದಲಿಂದ ಹೇಳಿ ಅಮ್ಮಾ" ಎಂದಳು. ಹಿಂದೆ ಗಂಡಸು ಏನೋ ಗದರಿದ. ಅವಳು ಮತ್ತೂ ಮೊದಲಿನಿಂದ ಕೇಳಿದಳು. ಅವಳಿಗೆ ಮಗ್ಗಿ ಕಲಿಸುವಾಗ ನಾನು ಅಷ್ಟು ತಾಳ್ಮೆಯಿಂದ ಇರಲಿಲ್ಲ. ಆಮೇಲೆ ಪೊಲೀಸ್ ಹುಡುಗಿ ಸಾಕು ಎಂದು ಕೈ ಮಾಡಿದಳು, ಕೊನೆಗೆ ಸರಿಯಾಗಿ ಹೇಳಿದೆ. ನಾನು ಇಡಲಿಲ್ಲ. ಅತ್ತಲಿಂದಲೇ ಕಡಿದುಹೋಯಿತು.

ಅದು ನಿನ್ನೆ ಬೆಳಿಗ್ಗೆ. ಕಟ್ಟಡ ಗೊತ್ತಾಗಿದೆಯಂತೆ. ಬೇರೆ ಕಡೆಯ ಪೊಲೀಸರು ಒಪ್ಪಬೇಕು, ಕಾಗದಪತ್ರ ಆಗಬೇಕು ಎನ್ನುತ್ತಾರೆ. ನಾನು ಮನೆಗೆ ಹೋಗಿಲ್ಲ. ಫೋನು ಬಡಿದಾಗಲೆಲ್ಲ ಅವಳದೇ ಸುದ್ದಿ ಎಂದುಕೊಳ್ಳುತ್ತೇನೆ, ನನ್ನ ಕೆಲಸದಲ್ಲಿ ಅದು ದಿನವಿಡೀ ಬಡಿಯುತ್ತದೆ.

ನಿನ್ನ ತಂಗಿ


ಜೂನ್ 9

ಅಮ್ಮಾ,

ಇದು ನಿರಾಶ್ರಿತ ಹೆಂಗಸರ ಮನೆ. ಇಲ್ಲಿನ ಮೇಲ್ವಿಚಾರಕಿಗೆ ನಿನ್ನೆಯೇ ನಿನಗೊಂದು ಪತ್ರ ಬರೆದು ಕೊಟ್ಟಿದ್ದೆ. "ಲಕೋಟೆ ಅಂಟಿಸಿಲ್ವಲ್ಲ, ಯಾಕೆ?" ಎಂದು ವಾಪಸ್ ಕೊಟ್ಟರು. ಆ ಪತ್ರವನ್ನು ತೆಗೆದು ಓದಿದೆ. ‘ನಾನು ಇಲ್ಲಿ ಕ್ಷೇಮ’ ಎಂದು ಶುರುವಾಗಿತ್ತು. ಹರಿದುಹಾಕಿ ಇದನ್ನು ಬರೆಯುತ್ತಿದ್ದೇನೆ. ಅಂಟಿಸಿಯೇ ಕೊಡುತ್ತೇನೆ.

ಪೊಲೀಸರು ಬರಲು ಆರು ದಿನ ಹಿಡಿಯಿತು. ಆ ಆರು ದಿನ ನಿನ್ನ ಪಾಸ್‌ವರ್ಡು ಒಂದು ಖಾಲಿ ಕೋಣೆಯ ಬಾಗಿಲು ತೆಗೆಯಿತೆಂದು ನನಗೆ ಏನು ಮಾಡಿದರೆಂಬುದನ್ನು ನೀನು ಕೇಳಬೇಡ, ನಾನೂ ಬರೆಯುವುದಿಲ್ಲ. ಪೊಲೀಸರು ಬಂದು ಮಂಚಗಳ ಕೋಣೆಯ ಬೀಗವನ್ನು ಒಡೆದರು. ಅಪ್ಪನಾಗಿದ್ದರೆ ಒಡೆಯದೆ ತೆಗೆಯುತ್ತಿದ್ದರು ಅನ್ನಿಸಿತು, ಆ ಹೊತ್ತಿನಲ್ಲಿ ಬೇರೇನೂ ಅನ್ನಿಸಲಿಲ್ಲ.

ವಿಚಾರಣೆ ಮುಗಿಯುವವರೆಗೆ ಇಲ್ಲೇ ಇರಬೇಕು. ಇಲ್ಲಿಯೂ ಬಾಗಿಲಿಗೆ ಚಿಲಕ ಹೊರಗಿನಿಂದ. ನಾನು ಸಾಕ್ಷಿಯೋ ಆರೋಪಿಯೋ ಅವರಿಗೆ ಇನ್ನೂ ನಿರ್ಧಾರವಾಗಿಲ್ಲ. ನನಗೂ ಆಗಿಲ್ಲ. ಆ ಕುರ್ಚಿಯಲ್ಲಿ ಕುಳಿತು ಎಷ್ಟು ಜನರ ಬಾಯಿ ಬಿಡಿಸಿದೆ ಎಂದರೆ ನನಗೆ ಲೆಕ್ಕವಿಲ್ಲ. ಮಾಡದಿದ್ದರೆ ಊಟವಿರಲಿಲ್ಲ, ಅದು ನಿಜ. ಮಾಡುವುದು ನನಗೆ ಚೆನ್ನಾಗಿ ಬರುತ್ತಿತ್ತು, ಅದೂ ನಿಜ. ಒಬ್ಬರು ಮುದುಕರು ತಮ್ಮ ಕಂಪ್ಯೂಟರಿನ ಸಂಖ್ಯೆಯನ್ನೆಲ್ಲ ಹೇಳಿ ಮುಗಿಸಿ, "ನಿನ್ನಂಥ ಮಗಳು ಇರಬೇಕಮ್ಮ" ಎಂದರು. ನಾನು ಬಳಸಿದ ಮಾತು ನಿನ್ನದು. ‘ಗಾಬರಿ ಆಗ್ಬೇಡಿ, ನಾನಿದ್ದೀನಿ.’ ಅದನ್ನು ಹೇಳಿದ ಮೇಲೆ ಯಾರೂ ನನ್ನನ್ನು ಅನುಮಾನಿಸಲಿಲ್ಲ.

ಮೊನ್ನೆ ಇಲ್ಲಿ ಫೋನ್ ಮಾಡಲು ಬಿಟ್ಟರಲ್ಲ, ಎಲ್ಲರೂ ಸಾಲಾಗಿ ನಿಂತಿದ್ದೆವು. ನನ್ನ ಸರದಿ ಬಂತು. "ಅಮ್ಮಾ, ನಾನು" ಎಂದೆ. ನೀನು, "ಎಲ್ಲಿಂದ? ಫೋನ್ ಇಡು, ನಾನೇ ಮಾಡ್ತೀನಿ" ಎಂದೆ. ಹಿಂದೆ ನಿಂತಿದ್ದವಳು, ಸ್ವಂತ ಮಗಳನ್ನೇ ನಂಬಲ್ವಾ ನಿಮ್ಮಮ್ಮ ಎಂದಳು. ನನಗೆ ಒಂದಿಷ್ಟೂ ಬೇಸರವಾಗಲಿಲ್ಲ. ನಾನು ಇಟ್ಟೆ, ಸಾಲು ಬಿಟ್ಟು ಗೋಡೆಗೆ ಒರಗಿ ನಿಂತೆ. ನೀನು ಪೊಲೀಸರನ್ನು ಕೇಳಿ, ಈ ಮನೆಯ ನಂಬರನ್ನು ಪುಸ್ತಕದಲ್ಲಿ ನೋಡಿ, ಮಾಡುತ್ತೀಯ ಎಂದು ಗೊತ್ತಿತ್ತು. ಮಾಡಿದೆ.

ಆದರೆ ಒಂದು ಮಾತು ಅವತ್ತು ನಿನಗೆ ಹೇಳಲಿಲ್ಲ, ಅದಕ್ಕೇ ಈ ಪತ್ರ. ವಾಪಸ್ ಮಾಡಿದಾಗ ನೀನು ಮೊದಲು ಅಂದದ್ದು, "ಗಾಬರಿ ಆಗ್ಬೇಡ ಪುಟ್ಟಿ, ನಾನಿದ್ದೀನಿ" ಎಂದು. ಚಿಕ್ಕಂದಿನಿಂದ ಕೇಳಿದ ಮಾತು, ಅದೇ ದನಿ. ಅದನ್ನು ಕೇಳಿದ ತಕ್ಷಣ ನನಗೆ ಅಳು ಬರಲಿಲ್ಲ. ಈ ಹೆಂಗಸಿಗೆ ನನ್ನಿಂದ ಏನು ಬೇಕಾಗಿದೆ ಎಂಬ ಯೋಚನೆ ಬಂತು. ನೀನು ಊಟದ ವಿಷಯ ಕೇಳಿದೆ, ದೊಡ್ಡಮ್ಮನ ವಿಷಯ ಹೇಳಿದೆ. ನಾನು ಹೂಂ ಹೂಂ ಎನ್ನುತ್ತ, ನೀನು ಯಾವಾಗ ಕೇಳುತ್ತೀಯ ಎಂದು ಕಾಯುತ್ತಿದ್ದೆ. ಫೋನಿಡುವವರೆಗೂ ಕಾಯುತ್ತಿದ್ದೆ. ನೀನು ಏನೂ ಕೇಳಲಿಲ್ಲ.

ಅವರು ಬೀಗ ಒಡೆದರು ಅಮ್ಮ, ನಾನು ಇನ್ನೂ ಹೊರಗೆ ಬಂದಿಲ್ಲ. ಭಾನುವಾರ ಬೆಳಿಗ್ಗೆ ಇಲ್ಲಿಗೆ ಫೋನ್ ಮಾಡಬಹುದು. ಮಾಡು. ಮುಂದಿನ ಭಾನುವಾರವೂ ಮಾಡು. ಏನೂ ಕೇಳಬೇಡ, ಸುಮ್ಮನೆ ಆಸ್ಪತ್ರೆಯ ಸುದ್ದಿ ಹೇಳುತ್ತಾ ಇರು.

ನಿನ್ನ ಮಗಳು
(ವಿಧೇಯಳಲ್ಲ)